ಬಿಳಿ ಕಾರಿನ ಬೂದು ಗೆರೆ

ಮೇಜಿನ ಮೇಲಿರುವುದು ಕಾರಿನ ಬಾಡಿ ಮಾತ್ರ. ಚಕ್ರವಿಲ್ಲ, ಗಾಜಿಲ್ಲ, ಹೆಡ್‌ಲೈಟಿನ ಜಾಗದಲ್ಲಿ ಖಾಲಿ ಗೂಡು. 1989ರಲ್ಲಿ ಜಪಾನಿನ ರಸ್ತೆಗಿಳಿದ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಇದು; ಕಾರಿನ ಹುಚ್ಚಿರುವವರ ಬಾಯಲ್ಲಿ ಬರೀ ಆರ್32. ಜಪಾನಿನ ಟೂರಿಂಗ್ ಕಾರ್ ಪಂದ್ಯಾವಳಿಯಲ್ಲಿ 1990ರಿಂದ 1993ರವರೆಗೆ ನಡೆದ 29 ರೇಸುಗಳಲ್ಲಿ 29ನ್ನೂ ಗೆದ್ದ ಗಾಡಿ. ನಿಜವಾದ ಕಾರು 4,545 ಮಿ.ಮೀ. ಉದ್ದ. ಟಾಮಿಯಾ ಕಂಪನಿಯ 1:24 ಕಿಟ್‌ನಲ್ಲಿ ಅದು 19 ಸೆಂ.ಮೀ.ಗೆ ಇಳಿದು ಒಂದು ಗೇಣಿನೊಳಗೆ ಕೂತಿದೆ. ಪ್ರೈಮರ್, ಬಿಳಿ ಬಣ್ಣ, ಅದರ ಮೇಲೆ ಕ್ಲಿಯರ್ ಎಲ್ಲ ಹೊಡೆದು, ಚೆನ್ನಾಗಿ ಒಣಗಿಸಿ, ಪಾಲಿಶ್ ಮಾಡಿ ಆಗಿದೆ. ಟ್ಯೂಬ್‌ಲೈಟಿನ ಬಿಂಬ ಚಾವಣಿಯ ಮೇಲೆ ಎಲ್ಲೂ ಕದಡದೆ ನೇರವಾಗಿ ಬಿದ್ದಿದೆ.

ಇಷ್ಟಾದರೂ ಕಾರು ಅನ್ನಿಸುವುದಿಲ್ಲ. ಬಾಗಿಲಿದೆ, ಆದರೆ ಅದು ತೆಗೆದೀತು ಎಂಬ ನಂಬಿಕೆ ಕಣ್ಣಿಗೆ ಬರುತ್ತಿಲ್ಲ. ಡಿಕ್ಕಿಯ ಅಂಚು ಬಿಳಿಯೊಳಗೆ ಬಿಳಿಯಾಗಿ ಕರಗಿಹೋಗಿದೆ. ತಗಡು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಳುವ ಗೆರೆ ಇನ್ನೂ ಬಿದ್ದಿಲ್ಲ. ಈ ಹವ್ಯಾಸದವರು ಪ್ಯಾನೆಲ್ ಲೈನ್ ಎನ್ನುವುದು ಇದಕ್ಕೇ.

ಅದರ ಬೆಲೆ ತಿಳಿಯಬೇಕಾದರೆ ಒಮ್ಮೆ ಟಿಂಕರಿಂಗ್ ಶೆಡ್ಡಿಗೆ ಹೋಗಿ ನಿಲ್ಲಬೇಕು. ಗುದ್ದಿಸಿಕೊಂಡು ಬಂದ ಗಾಡಿಗೆ ಬಾಗಿಲು ಕೂರಿಸುವ ಹೊತ್ತಿನಲ್ಲಿ ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾನೆ. ಒಂದು ಕಣ್ಣು ಮುಚ್ಚಿ ಬಾಗಿಲಿಗೂ ಫೆಂಡರಿಗೂ ನಡುವಿನ ಸಂದನ್ನು ಮೇಲಿಂದ ಕೆಳಗೆ ನೋಡುತ್ತಾನೆ. "ಮೇಲೆ ಸರಿ ಐತೆ, ಕೆಳಗೆ ಗ್ಯಾಪ್ ಜಾಸ್ತಿ ಆಯ್ತು. ಹಿಂಜ್ ಲೂಸ್ ಮಾಡಿ ಒಂಚೂರು ಎತ್ಲಾ" ಎಂದು ಹುಡುಗನಿಗೆ ಕೂಗುತ್ತಾನೆ. ಹುಡುಗ ಎತ್ತುತ್ತಾನೆ, ಮೇಸ್ತ್ರಿ ಸಂದಿನಲ್ಲಿ ಬೆರಳು ಎಳೆಯುತ್ತಾನೆ. ಗ್ಯಾಪ್ ಒಂದೇ ಸಮ ಆದಮೇಲೇ ಪೇಂಟಿನ ಮಾತು. ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳಲು ಹೋದ ಅನುಭವಸ್ಥರು ಮೊದಲು ನೋಡುವುದೂ ಅದನ್ನೇ. ಸಂದು ಸೊಟ್ಟಗಿದ್ದರೆ ಗಾಡಿ ಎಲ್ಲೋ ಏಟು ತಿಂದಿದೆ ಎಂದು ಅರ್ಥ. ಕಾರಿನ ಚರಿತ್ರೆ ಹೇಳುವಷ್ಟು ಶಕ್ತಿ ಆ ಸಣ್ಣ ಸಂದಿಗಿದೆ.

ಈಗ ಅಳತೆಗೆ ಬರೋಣ. ದೊಡ್ಡ ಕಾರಿನಲ್ಲಿ ಈ ಸಂದು 4 ಮಿ.ಮೀ. ಎಂದಿಟ್ಟುಕೊಳ್ಳಿ. 24ರಿಂದ ಭಾಗಿಸಿದರೆ ಉಳಿಯುವುದು 0.17 ಮಿ.ಮೀ. ಅಷ್ಟು ಸಪೂರದ ಗೆರೆಯನ್ನು ಪ್ಲಾಸ್ಟಿಕ್ ಎರಕದಲ್ಲಿ ತರುವುದು ಕಷ್ಟ. ತಂದರೂ ಮೂರು ಪದರ ಬಣ್ಣ ಬಿದ್ದಾಗ ಅದು ಮುಚ್ಚಿಹೋಗುತ್ತದೆ. ಅದಕ್ಕೇ ಕಿಟ್‌ನ ಗೆರೆ ಸಾಮಾನ್ಯವಾಗಿ ಲೆಕ್ಕಕ್ಕಿಂತ ಅಗಲ. 0.4 ಮಿ.ಮೀ. ಗೆರೆ ಎಂದರೆ ನಿಜವಾದ ಕಾರಿನಲ್ಲಿ ಪೆನ್ನು ತೂರುವಷ್ಟು ಸಂದು ಬಿಟ್ಟ ಹಾಗೆ. ಅಳತೆಯಲ್ಲಿ ಟಾಮಿಯಾ ಉದಾಸೀನ ಮಾಡುವ ಕಂಪನಿಯಲ್ಲ. ಶಿಝುವೊಕಾ ಊರಿನಲ್ಲಿ 1946ರಲ್ಲಿ ಮರದ ವ್ಯವಹಾರವಾಗಿ ಶುರುವಾದ ಮನೆ ಅದು. ಮುಂದೆ ಅದನ್ನು ನಡೆಸಿದ ಶುನ್‌ಸಾಕು ಟಾಮಿಯಾ ಅವರು 1:12 ಅಳತೆಯ ಪೋರ್ಷೆ 934 ಮಾದರಿಯನ್ನು ಸರಿಯಾಗಿ ಮಾಡಬೇಕೆಂದು ನಿಜವಾದ ಪೋರ್ಷೆ 911 ಒಂದನ್ನು ಕೊಂಡು ಬಿಚ್ಚಿ ನೋಡಿದವರು. ಅಂಥವರ ಕೈಗೂ ಪ್ಲಾಸ್ಟಿಕ್ ಮತ್ತು ಬಣ್ಣ ಒಂದು ಮಿತಿ ಹಾಕುತ್ತವೆ. ಆ ಮಿತಿಯಿಂದ ಮುಂದಿನದು ಬಣ್ಣ ಹಚ್ಚುವವರ ಪಾಲು.

ಹೊಸಬರು ಗೆರೆ ಎಂದರೆ ಕಪ್ಪು ಎಂದು ತಿಳಿದು ಕಪ್ಪನ್ನೇ ತುಂಬುತ್ತಾರೆ. ಬಿಳಿ ಕಾರಿನ ಮೇಲೆ ಕಪ್ಪು ಗೆರೆ ಬಿದ್ದ ಕ್ಷಣ ಮಾದರಿ ಕೆಡುತ್ತದೆ. ಇದು ನನ್ನ ಖಚಿತ ಅಭಿಪ್ರಾಯ. ಅಗಲ ಮೊದಲೇ ಹೆಚ್ಚು, ಕಪ್ಪು ಅದನ್ನು ಎತ್ತಿ ಸಾರುತ್ತದೆ. ಹಾಗಾದರೆ ಯಾವ ಬಣ್ಣ? ಉತ್ತರ ಬೀದಿಯಲ್ಲೇ ನಿಂತಿದೆ. ಮೇಜಿನ ಮೇಲಿನ ಕಾರನ್ನು ನಾವು ನೋಡುವುದು ಹೆಚ್ಚುಕಡಿಮೆ ಒಂದಡಿ ದೂರದಿಂದ. ಅದನ್ನು 24ರಿಂದ ಗುಣಿಸಿ. ಬೀದಿಯಲ್ಲಿ ನಿಂತ ಬಿಳಿ ಕಾರಿನಿಂದ 24 ಅಡಿ ಹಿಂದೆ ಸರಿದು ಅದರ ಬಾಗಿಲು ನೋಡಿ. ಸಂದು ಕಪ್ಪಗಿಲ್ಲ, ಬೂದಾಗಿದೆ. ಬಾಗಿಲಿನ ಅಂಚಿಗೂ ಒಳಗಿನ ಚೌಕಟ್ಟಿಗೂ ಬಾಡಿಯದೇ ಬಿಳಿ ಬಣ್ಣ ಇರುತ್ತದಲ್ಲ, ಒಳಕ್ಕೆ ಬಿದ್ದ ಬೆಳಕು ಆ ಎರಡು ಬಿಳಿ ಗೋಡೆಗಳ ನಡುವೆ ಪುಟಿದು ಒಂದಿಷ್ಟು ವಾಪಸು ಬರುತ್ತದೆ. ಕೆಂಪು ಕಾರಿನ ಸಂದಿನಲ್ಲಿ ಹೀಗೆ ಪುಟಿದು ಬರುವುದು ಕೆಂಪು, ಆದ್ದರಿಂದ ಅಲ್ಲಿನ ನೆರಳು ಕಂದುಗೆಂಪು. ಹಳದಿ ಕಾರಿಗೆ ಕಂದು, ಬೆಳ್ಳಿ ಬಣ್ಣಕ್ಕೆ ಕಡುಬೂದು. ಪ್ರತಿ ಕಾರಿಗೂ ಅದರದೇ ಮೈಬಣ್ಣದ ಕತ್ತಲೆ ಇದೆ, ಅದನ್ನೇ ತುಂಬಬೇಕು.

ಕೆಲಸ ಶುರುವಾಗುವುದು ಬಣ್ಣಕ್ಕೂ ಮೊದಲು. ಬರಿ ಪ್ಲಾಸ್ಟಿಕ್ ಇರುವಾಗಲೇ ಸ್ಕ್ರೈಬರ್ ಎಂಬ ಚೂಪು ಉಳಿಯನ್ನು ಗೆರೆಯೊಳಗೆ ಇಟ್ಟು, ಭಾರ ಹಾಕದೆ, ಮತ್ತೆ ಮತ್ತೆ ಎಳೆಯುತ್ತಾರೆ. ಕೂದಲೆಳೆಯಂಥ ಪ್ಲಾಸ್ಟಿಕ್ ಸುರುಳಿ ಮೇಲೇಳುತ್ತದೆ. ಉದ್ದೇಶ ಆಳ ಮಾಡುವುದು, ಅಗಲ ಮಾಡುವುದಲ್ಲ. ಆಳವಿಲ್ಲದ ಗೆರೆಯಲ್ಲಿ ಬಣ್ಣ ನಿಲ್ಲುವುದಿಲ್ಲ. ಬಾಗಿಲಿನ ಕೆಳಮೂಲೆ ತಿರುಗುವಲ್ಲಿ ಉಳಿ ಜಾರುವ ಅಪಾಯವಿದೆ, ಅಲ್ಲಿ ಟೇಪಿನ ಆಸರೆ ಕೊಡುತ್ತಾರೆ. ಪಾಲಿಶ್ ಆದಮೇಲೆ ಇನ್ನೊಂದು ಸಣ್ಣ ಕೆಲಸ: ಪಾಲಿಶಿನ ಪುಡಿ ಗೆರೆಯೊಳಗೆ ಕೂತಿರುತ್ತದೆ. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತೊಳೆಯದೆ ಮುಂದೆ ಹೋದರೆ ಗೆರೆ ಅಲ್ಲಲ್ಲಿ ತುಂಡಾಗುತ್ತದೆ.

ಈಗ ಬೂದು. ಎನಾಮೆಲ್ ಬಣ್ಣವನ್ನು ಅದರದೇ ತಿನ್ನರಿನಲ್ಲಿ ತೆಳ್ಳಗೆ ಮಾಡಿದ ದ್ರವ ಇದು. ಟಾಮಿಯಾದವರು ಪ್ಯಾನೆಲ್ ಲೈನ್ ಆಕ್ಸೆಂಟ್ ಕಲರ್ ಎಂದು ಬಾಟಲಿಯಲ್ಲಿ ತುಂಬಿ ಮಾರುತ್ತಾರೆ, ಮುಚ್ಚಳದಲ್ಲೇ ಸಣ್ಣ ಕುಂಚ ಇರುತ್ತದೆ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಕುಂಚದ ಹೆಚ್ಚಿನ ಹನಿಯನ್ನು ಕಂಠಕ್ಕೆ ಒತ್ತಿ ತೆಗೆದು, ಬಾಗಿಲಿನ ಮೇಲ್ಮೂಲೆಗೆ ತುದಿಯನ್ನು ಮುಟ್ಟಿಸಬೇಕು. ಗೆರೆ ಎಳೆಯುವ ಪ್ರಶ್ನೆಯೇ ಇಲ್ಲ, ಮುಟ್ಟಿಸಿದರೆ ಸಾಕು. ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ಹಾಗೆ ಸಂದು ತಾನೇ ಬಣ್ಣವನ್ನು ಎಳೆದುಕೊಳ್ಳುತ್ತದೆ. ಬೂದು ಎಳೆ ಬಾಗಿಲಿನ ಅಂಚು ಹಿಡಿದು ಕೆಳಕ್ಕೆ ಓಡುತ್ತದೆ, ಮೂಲೆಯಲ್ಲಿ ಒಂದು ಗಳಿಗೆ ತಡೆದು ತಿರುಗುತ್ತದೆ, ಆಮೇಲೆ ನಿಧಾನವಾಗಿ ನಿಲ್ಲುತ್ತದೆ. ನಿಂತಲ್ಲಿ ಇನ್ನೊಮ್ಮೆ ಮುಟ್ಟಿಸಿದರೆ ಮುಂದಕ್ಕೆ ಹೋಗುತ್ತದೆ. ಎರಡು ಕಡೆಯಿಂದ ಬಂದ ಎಳೆಗಳು ಕೂಡಿಕೊಂಡಾಗ, ಅಷ್ಟು ಹೊತ್ತು ಒಂದೇ ತುಂಡಾಗಿದ್ದ ಮೈಯಲ್ಲಿ ಬಾಗಿಲು ಬೇರೆಯಾಗುತ್ತದೆ. ಎಷ್ಟು ಕಾರು ಮಾಡಿದವರಿಗೂ ಈ ಕ್ಷಣದ ಖುಷಿ ಹಳೆಯದಾಗುವುದಿಲ್ಲ.

ಇದೆಲ್ಲ ನಡೆಯುವುದು ಕೆಳಗಿನ ಮೈ ನುಣುಪಾಗಿದ್ದರೆ ಮಾತ್ರ. ಮ್ಯಾಟ್ ಮೈಯ ಮೇಲೆ ಬಣ್ಣ ಓಡುವ ಬದಲು ಸುತ್ತ ಹರಡಿ ಕಲೆಯಾಗುತ್ತದೆ. ಬಾಡಿಗೆ ಲ್ಯಾಕರ್, ಗೆರೆಗೆ ಎನಾಮೆಲ್ ಎಂಬ ಜೋಡಿಗೂ ಕಾರಣವಿದೆ: ಪೂರಾ ಒಣಗಿದ ಲ್ಯಾಕರನ್ನು ಎನಾಮೆಲ್ ತಿನ್ನರ್ ಕರಗಿಸುವುದಿಲ್ಲ. ಆದರೆ ಬಣ್ಣ ಹೊಡೆಯದ ಪ್ಲಾಸ್ಟಿಕ್ಕಿನಲ್ಲಿ ಆ ತಿನ್ನರ್ ಮಡುಗಟ್ಟಿ ಇಳಿದರೆ ಪ್ಲಾಸ್ಟಿಕ್ ಬಿರುಕು ಬಿಡಬಹುದು. ಆದ್ದರಿಂದ ಒಳಮೈಗೆ ಹನಿ ಇಳಿಯದಂತೆ ಕುಂಚದಲ್ಲಿ ಕಡಿಮೆ ಬಣ್ಣ ಹಿಡಿಯುವುದೇ ಜಾಣತನ.

ಒಣಗಿದ ಮೇಲೆ ಒರೆಸುವುದು. ಕುಂಚ ಮುಟ್ಟಿದಲ್ಲೆಲ್ಲ ಬಿಳಿಯ ಮೇಲೆ ಬೂದು ಮಚ್ಚೆ ಉಳಿದಿರುತ್ತದೆ. ಹತ್ತಿ ಸುತ್ತಿದ ಕಡ್ಡಿಗೆ ತಿನ್ನರ್ ಹಾಕಿ, ಬಟ್ಟೆಯ ಮೇಲೆ ಒತ್ತಿ, ಇನ್ನೇನು ಒಣಗಿತು ಎನ್ನುವಷ್ಟು ತೇವ ಉಳಿಸಿಕೊಂಡು ಗೆರೆಗೆ ಅಡ್ಡಡ್ಡ ಒರೆಸಬೇಕು. ಗೆರೆಯ ಉದ್ದಕ್ಕೆ ಒರೆಸಿದರೆ ಹತ್ತಿ ಸಂದಿನೊಳಗೆ ಇಳಿದು ತುಂಬಿದ್ದನ್ನೇ ಹೊರಗೆಳೆಯುತ್ತದೆ. ಅಡ್ಡಕ್ಕೆ ಒರೆಸಿದರೆ ಮೇಲಿನದು ಹೋಗಿ ಒಳಗಿನದು ಉಳಿಯುತ್ತದೆ.

ಎಲ್ಲ ಗೆರೆಗೂ ಒಂದೇ ಬೂದು ಹಾಕಿ ಮುಗಿಸುವವರಿದ್ದಾರೆ. ನೋಡಲು ಶುಚಿಯಾಗಿಯೇ ಇರುತ್ತದೆ, ಆದರೆ ಜೀವ ಸಾಲದು. ಬಾನೆಟ್ಟಿನ ಕೆಳಗೆ ಎಂಜಿನ್ನಿನ ಕತ್ತಲೆ ಇದೆ, ಅದರ ಸಂದು ಗಾಢ. ಬಾಗಿಲಿನ ಕೆಳ ಅಂಚು ನೆಲದ ಕಡೆಗಿರುವುದರಿಂದ ಬದಿಯ ಅಂಚಿಗಿಂತ ಒಂದು ಛಾಯೆ ಕಪ್ಪು. ಬಂಪರು ಫೆಂಡರಿಗೆ ಕೂಡುವ ಜಾಗ ಯಾವತ್ತೂ ತೆರೆಯುವುದಿಲ್ಲ. ಅಲ್ಲಿ ಎರಡು ಅಂಚುಗಳು ಒತ್ತಿ ಕೂತಿರುತ್ತವೆ, ನೆರಳು ಕೂರಲು ಜಾಗವೇ ಇಲ್ಲ, ತೀರ ತಿಳಿಬೂದು ಸಾಕು. ಪೆಟ್ರೋಲ್ ಮುಚ್ಚಳದ ಸುತ್ತಿನ ಗೆರೆ ಇನ್ನೂ ಸಣ್ಣದು. ಕುಂಚ ತಾಗಿಸಿದ ತಕ್ಷಣ ಅದು ಒಂದು ಸುತ್ತು ಹೊಡೆದು ಮುಗಿಯುತ್ತದೆ. ಹೀಗೆ ಮೂರು ನಾಲ್ಕು ಬೂದುಗಳನ್ನು ಬೆರೆಸಿ ಇಟ್ಟುಕೊಂಡವರ ಕಾರಿನಲ್ಲಿ ಯಾವುದು ತೆರೆಯುತ್ತದೆ, ಯಾವುದು ತೆರೆಯುವುದಿಲ್ಲ ಎಂಬುದು ಯಾರೂ ಹೇಳದೆ ನೋಡುವವರಿಗೆ ತಿಳಿಯುತ್ತದೆ.

ಈ ಲೆಕ್ಕಕ್ಕೆ ಸೇರದ್ದು ಒಂದೇ, ಗಾಜಿನ ಸುತ್ತಲಿನ ರಬ್ಬರು. ಅದು ನೆರಳಲ್ಲ, ಕೈಗೆ ಸಿಗುವ ವಸ್ತು, ಅದಕ್ಕೆ ತನ್ನದೇ ಕಪ್ಪು ಇದೆ. ಅಲ್ಲಿ ತೆಳು ಬಣ್ಣ ಓಡಿಸಿದರೆ ಸುಳ್ಳಾಗುತ್ತದೆ. ಎರಡೂ ಬದಿಗೆ ಸಣ್ಣ ಟೇಪ್ ಒತ್ತಿ, ಅರ್ಧ ಹೊಳಪಿನ ಕಪ್ಪನ್ನು ದಪ್ಪಗೆ ಹಚ್ಚಿ, ಬಣ್ಣ ಪೂರಾ ಗಟ್ಟಿಯಾಗುವ ಮೊದಲೇ ಟೇಪ್ ಎತ್ತಬೇಕು. ಅದಾದ ಮೇಲೆ ಗಾಜು ಕೂರಿಸಬಹುದು.