ಲಾರಿಯ ಸ್ಟೇರಿಂಗು ಮತ್ತು ಕಮಾನುಗಳಿಗೆ ಮನೆಯಲ್ಲಿಯೇ ಗ್ರೀಸು ಹಾಕುವ ಕ್ರಮ

ಶಿಕಾರಿಪುರ, ಸೊರಬ ತಾಲ್ಲೂಕುಗಳ ರೈತನು ಹಿಂದಿನ ಕಾಲದಲ್ಲಿ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ದೂರದ ಪ್ರಯಾಣಕ್ಕೆ ಎತ್ತು ಹೂಡುತ್ತಿರಲಿಲ್ಲ. ಈಗ ಭತ್ತ, ಮೆಕ್ಕೆಜೋಳ, ಅಡಕೆ, ಶುಂಠಿಗಳನ್ನು ಸಾಗಿಸುವ ಕೆಲಸವು ಲಾರಿಯ ಪಾಲಿಗೆ ಬಂದಿದೆ. ಕೀಲೆಣ್ಣೆಯ ಸ್ಥಾನಕ್ಕೆ ಗ್ರೀಸು ಬಂದಿದೆ. ಆದರೆ ಗಾಡಿಯ ಅಚ್ಚು ಒಣಗಿದರೆ ಕಿರುಗುಟ್ಟಿ ತಿಳಿಸುತ್ತಿದ್ದಿತು. ಲಾರಿಯ ಕೀಲುಗಳಾದರೋ ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸದಂತೆ ಸವೆಯುತ್ತವೆ. ಸವೆದ ಸ್ಟೇರಿಂಗ್ ಕೀಲೊಂದು ದಾರಿಯಲ್ಲಿ ಕಳಚಿದರೆ ಚಕ್ರಗಳು ಚಾಲಕನ ಹತೋಟಿಗೆ ಸಿಕ್ಕವು. ಆಗ ಸರಕು ಮಾತ್ರವಲ್ಲ, ಲಾರಿಯಲ್ಲಿರುವವರ ಮತ್ತು ದಾರಿಹೋಕರ ಪ್ರಾಣಕ್ಕೂ ಅಪಾಯವುಂಟು.

ಗ್ರೀಸಿನ ಕೆಲಸ.— ಗ್ರೀಸು ಉಜ್ಜಾಟವನ್ನು ತಗ್ಗಿಸುವುದಲ್ಲದೆ ಕೀಲಿನ ಬಾಯಿಯನ್ನು ಮುಚ್ಚಿ ನೀರು ಮತ್ತು ಮಣ್ಣನ್ನು ಹೊರಗಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ ಹಿಡಿಯುವ ಈ ಸೀಮೆಯಲ್ಲಿ ಈ ಎರಡನೆಯ ಪ್ರಯೋಜನವೇ ದೊಡ್ಡದು. ಕೀಲಿನೊಳಗೆ ಸೇರಿದ ಕೆಸರಿನ ಮರಳು ಅರದಂತೆ ಉಕ್ಕನ್ನು ತೇಯುತ್ತದೆ.

ಹಾಕತಕ್ಕ ಸ್ಥಳಗಳು.— ಮುಂದಿನ ಚಕ್ರಗಳು ತಿರುಗುವ ಕಿಂಗ್‌ಪಿನ್ನುಗಳು. ಟೈರಾಡು ಮತ್ತು ಡ್ರ್ಯಾಗ್ ಲಿಂಕುಗಳ ತುದಿಯ ಗುಂಡುಕೀಲುಗಳು. ಕಮಾನುಪಟ್ಟಿಗಳ ಎರಡು ತುದಿಗಳಲ್ಲಿರುವ ಪಿನ್ನು ಹಾಗೂ ಶ್ಯಾಕಲ್ಲುಗಳು. ಗ್ರೀಸು ಸೇರಿಸುವ ಸಣ್ಣ ಮೂತಿಗೆ ನಿಪ್ಪಲ್ ಎಂದು ಹೆಸರು. ಕೆಲವು ಹೊಸ ಲಾರಿಗಳಲ್ಲಿ ಕೆಲವು ಕೀಲುಗಳು ಮುಚ್ಚಿದವಾಗಿದ್ದು ಅವುಗಳಿಗೆ ನಿಪ್ಪಲ್ ಇರುವುದಿಲ್ಲ. ಆದುದರಿಂದ ತಯಾರಕರ ಕೈಪಿಡಿಯನ್ನು ನೋಡಿ ನಿಪ್ಪಲುಗಳ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು. ಮರೆತ ಒಂದೇ ನಿಪ್ಪಲು ಕೇಡಿಗೆ ಸಾಕು.

ಗ್ರೀಸಿನ ಆಯ್ಕೆ.— ಕೈಪಿಡಿಯು ಹೇಳಿದ ಜಾತಿಯನ್ನೇ ಕೊಳ್ಳತಕ್ಕದ್ದು. ಸಾಮಾನ್ಯವಾಗಿ ನಂ. 2 ಗಟ್ಟಿತನದ ಲಿಥಿಯಂ ಗ್ರೀಸು ಬಳಕೆಯಲ್ಲಿದೆ. ಬೇರೆ ಬೇರೆ ಜಾತಿಯ ಗ್ರೀಸುಗಳನ್ನು ಬೆರೆಸಿದರೆ ಅವು ತೆಳುವಾಗಿ ಹರಿದುಹೋಗುವ ಸಂಭವವುಂಟು.

ಮಾಡುವ ಕ್ರಮ.— ಲಾರಿಯನ್ನು ಬರಿದುಮಾಡಿ, ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ, ಇಂಜಿನ್ನನ್ನು ಆರಿಸಿ, ಹ್ಯಾಂಡ್‌ಬ್ರೇಕು ಹಾಕಿ, ಹಿಂದಿನ ಚಕ್ರಗಳಿಗೆ ಮರದ ತುಂಡುಗಳನ್ನು ಅಡ್ಡ ಕೊಡಬೇಕು. ಕೀಲಿಕೈ ಕೆಳಗೆ ಕೆಲಸಮಾಡುವವನ ಬಳಿಯಲ್ಲಿಯೇ ಇರತಕ್ಕದ್ದು. ನಿಪ್ಪಲುಗಳನ್ನು ಬಟ್ಟೆಯಿಂದ ಚೆನ್ನಾಗಿ ಒರಸಬೇಕು. ಇಲ್ಲವಾದರೆ ಗ್ರೀಸಿನೊಡನೆ ಮಣ್ಣೂ ಒಳಹೊಕ್ಕೀತು. ಬಳಿಕ ಗ್ರೀಸ್ ಗನ್ನಿನ ಬಾಯನ್ನು ನೆಟ್ಟಗೆ ಕೂಡಿಸಿ ನಿಧಾನವಾಗಿ ಒತ್ತಬೇಕು. ಕಪ್ಪಾದ ಹಳೆಯ ಗ್ರೀಸು ಹೊರಬಂದು ಹೊಸದು ಕಾಣಿಸಿದಾಗ ನಿಲ್ಲಿಸಬೇಕು. ರಬ್ಬರ್ ಚೀಲವುಳ್ಳ ಗುಂಡುಕೀಲಿನಲ್ಲಿ ಚೀಲವು ಉಬ್ಬಲು ತೊಡಗಿದೊಡನೆ ಸಾಕುಮಾಡಬೇಕು. ಚೀಲ ಹರಿದರೆ ನೀರಿಗೆ ದಾರಿಯಾಗುತ್ತದೆ. ಕಿಂಗ್‌ಪಿನ್ನಿಗೆ ಹಾಕುವಾಗ ಮುಂದಿನ ಅಚ್ಚನ್ನು ಜಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರಗಳನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರೆ ಗ್ರೀಸು ಎಲ್ಲೆಡೆಗೂ ಹರಡುತ್ತದೆ. ಗ್ರೀಸನ್ನು ಹೀರದ ನಿಪ್ಪಲನ್ನು ಬಿಚ್ಚಿ ಶುಚಿಮಾಡಬೇಕು, ಇಲ್ಲವೆ ಹೊಸದನ್ನು ಹಾಕಿಸಬೇಕು.

ಎಚ್ಚರಿಕೆಗಳು.— ಜಾಕೊಂದನ್ನೇ ನಂಬಿ ಲಾರಿಯ ಕೆಳಗೆ ಹೋಗಕೂಡದು. ಒತ್ತಡದ ಗ್ರೀಸು ಚರ್ಮವನ್ನು ತೂರಿ ಒಳಹೊಕ್ಕರೆ ಗಾಯವು ಚಿಕ್ಕದೆಂದು ತೋರಿದರೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಬ್ರೇಕಿನ ಭಾಗಗಳಿಗೆ ಗ್ರೀಸು ತಗಲಬಾರದು. ಹೊರಬಂದ ಗ್ರೀಸನ್ನು ಒರಸಿ ಡಬ್ಬಿಯಲ್ಲಿ ತುಂಬಬೇಕೇ ಹೊರತು ಗದ್ದೆಗಾಗಲಿ ಕೆರೆಗಾಗಲಿ ಎಸೆಯಕೂಡದು.

ಗ್ರೀಸು ಸವೆತವನ್ನು ತಡೆಯಬಲ್ಲುದು, ಸವೆದದ್ದನ್ನು ತುಂಬಲಾರದು. ಎತ್ತಿದ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಸಡಿಲು ಕಂಡರೆ, ಅಥವಾ ಮುಂದಿನ ಟೈರು ಒಂದೇ ಪಕ್ಕದಲ್ಲಿ ಸವೆದಿದ್ದರೆ, ಅನುಭವವುಳ್ಳ ಮೆಕ್ಯಾನಿಕ್ಕನಿಗೆ ತೋರಿಸುವವರೆಗೆ ಲಾರಿಯನ್ನು ಹೊರಡಿಸತಕ್ಕದ್ದಲ್ಲ.

ಕೈಪಿಡಿಯಲ್ಲಿ ಹೇಳಿದ ಅವಧಿಯು ಒಳ್ಳೆಯ ರಸ್ತೆಗೆ ಸಾಕಾಗಬಹುದು. ಕೆಸರಿನಲ್ಲಿ ಓಡಿದ, ಹಳ್ಳ ದಾಟಿದ ಅಥವಾ ನೀರು ಚಿಮ್ಮಿಸಿ ತೊಳೆದ ಲಾರಿಗೆ ಅವಧಿಯನ್ನು ಕಾಯದೆ ಹಾಕುವುದು ಲೇಸು. ಅಡಕೆ ಮತ್ತು ಭತ್ತದ ಸಾಗಾಣಿಕೆ ತೊಡಗುವ ಮುನ್ನ ಒಮ್ಮೆ ಪೂರ್ತಿಯಾಗಿ ಪರೀಕ್ಷಿಸಬೇಕು. ಗ್ರಾಮದ ಯಜಮಾನರು ಲಾರಿಯುಳ್ಳವರನ್ನು ಒಂದುಗೂಡಿಸಿ ಗ್ರೀಸ್ ಗನ್ನು, ಜಾಕು, ಸ್ಟ್ಯಾಂಡುಗಳನ್ನು ಕೂಡುಹಣದಿಂದ ಕೊಂಡಿರಿಸಿ, ಪ್ರತಿ ಲಾರಿಗೂ ಗ್ರೀಸು ಹಾಕಿದ ತಾರೀಖು ಮತ್ತು ಓಡಿದ ಕಿಲೋಮೀಟರನ್ನು ಒಂದು ಪುಸ್ತಕದಲ್ಲಿ ಬರೆಯಿಸುವ ಏರ್ಪಾಡನ್ನು ಮಾಡಿದರೆ ಸ್ವಲ್ಪ ಖರ್ಚಿನಲ್ಲಿಯೇ ಊರಿಗೆಲ್ಲ ಕ್ಷೇಮವಾಗುವುದು.