ಇಂಗ್ಲೀಷು ವ್ಯಾಕರಣವೂ ಮನೆಮಾತೂ

ಇಂಗ್ಲೀಷು ಬರವಣಿಗೆಯ ಪುಸ್ತಕವು ಕೆಂಪು ಗೀಟುಗಳಿಂದ ತುಂಬಿ ಹಿಂದಿರುಗಿದುದನ್ನು ಮರೆತಿರತಕ್ಕ ಪೂರ್ವ ವಿದ್ಯಾರ್ಥಿನಿಯರು ವಿರಳ. ಈಗಲೂ ಮಗಳ ಅಂಥ ಪುಸ್ತಕವನ್ನು ಕಂಡೊಡನೆ 'ಇವಳಿಗೆ ಬುದ್ಧಿ ಸಾಲದು' ಎಂದು ತೀರ್ಮಾನಿಸುವ ತಾಯಿತಂದೆಗಳುಂಟು. ಈ ತೀರ್ಮಾನವು ನ್ಯಾಯವಾದುದಲ್ಲ. ಆ ತಪ್ಪುಗಳಲ್ಲಿ ಅನೇಕವು ಕನ್ನಡದ ವ್ಯಾಕರಣವನ್ನು ಸರಿಯಾಗಿ ಅನುಸರಿಸಿದುದರಿಂದಲೇ ಹುಟ್ಟಿದವು.

'ಹುಲಿಯು ಹಸುವನ್ನು ಕೊಂದಿತು' ಎಂದರೂ 'ಹಸುವನ್ನು ಹುಲಿಯು ಕೊಂದಿತು' ಎಂದರೂ ನಮಗೆ ಸಂಗತಿಯೊಂದೇ. ಕೊಂದುದು ಯಾವುದು, ಸತ್ತುದು ಯಾವುದು ಎಂಬುದನ್ನು ವಿಭಕ್ತಿ ಪ್ರತ್ಯಯವು ತಿಳಿಸುತ್ತದೆ. ಇಂಗ್ಲೀಷಿನ ನಾಮಪದಕ್ಕೆ ದ್ವಿತೀಯಾ ಪ್ರತ್ಯಯವಿಲ್ಲ. ಪದವು ನಿಂತ ಸ್ಥಳವೇ ಅದರ ವಿಭಕ್ತಿ. 'ದಿ ಟೈಗರ್ ಕಿಲ್ಡ್ ದಿ ಕೌ' ಎಂಬಲ್ಲಿ ನಾಮಪದಗಳೆರಡನ್ನು ಅದಲುಬದಲು ಮಾಡಿದರೆ ಬಡ ಹಸುವೇ ಹುಲಿಯನ್ನು ಕೊಂದಂತಾಗುವುದು! ಆದಕಾರಣ ಮೊದಲು ಕರ್ತೃ, ಆಮೇಲೆ ಕ್ರಿಯೆ, ಕೊನೆಗೆ ಕರ್ಮ ಎಂಬ ಕ್ರಮವನ್ನು ಬಾಲಕಿಯು ಎಲ್ಲಕ್ಕಿಂತ ಮೊದಲು ರೂಢಿಸಿಕೊಳ್ಳಬೇಕು. ಉಳಿದ ವಿಭಕ್ತಿಗಳ ಕೆಲಸವನ್ನು ಅಲ್ಲಿ ಚಿಕ್ಕ ಚಿಕ್ಕ ಪದಗಳು ಮಾಡುತ್ತವೆ. ನಮ್ಮಲ್ಲಿ ಹೆಸರಿನ ಹಿಂದೆ ಅಂಟುವುದು ಅಲ್ಲಿ ಮುಂಚಿತವಾಗಿ ಬರುತ್ತದೆ: 'ತುಮಕೂರಿನಿಂದ ಗುಬ್ಬಿಗೆ' ಎಂಬುದು 'ಫ್ರಮ್ ತುಮಕೂರು ಟು ಗುಬ್ಬಿ' ಆಗುತ್ತದೆ.

'ಕುಣಿಗಲಿನ ಕೆರೆ ದೊಡ್ಡದು.' ಕ್ರಿಯಾಪದವಿಲ್ಲದೆಯೂ ಇದು ಪೂರ್ಣವಾಕ್ಯ. ಹುಡುಗಿಯು ಹಾಗೆಯೇ 'ಕುಣಿಗಲ್ ಟ್ಯಾಂಕ್ ಬಿಗ್' ಎಂದು ಬರೆದು ಎರಡು ಗೀಟುಗಳನ್ನು ಪಡೆಯುತ್ತಾಳೆ. ನಡುವೆ 'ಈಸ್' ಇಲ್ಲದೆ ಇಂಗ್ಲೀಷು ವಾಕ್ಯವು ನಿಲ್ಲದು. ಮೊದಲಲ್ಲಿ 'ದಿ' ಬೇಕು. ಈ 'ಎ', 'ದಿ'ಗಳ ಕಾಟವು ದೊಡ್ಡವರನ್ನೂ ಬಿಟ್ಟಿಲ್ಲ. ಕಥೆ ಹೇಳುವಾಗ ನಾವು 'ಒಬ್ಬ ಹುಡುಗಿ ಬಂದಳು, ಆ ಹುಡುಗಿ ಹಾಡಿದಳು' ಎನ್ನುವೆವಷ್ಟೆ. ಮೊದಲ ಪರಿಚಯಕ್ಕೆ 'ಎ', ಪರಿಚಯವಾದ ಮೇಲೆ 'ದಿ' ಎಂದು ಇದರಿಂದ ಊಹಿಸಬಹುದು. ಆದರೆ 'ದಿ ಸನ್' ಎಂಬಲ್ಲಿ ಈ ಊರುಗೋಲು ಕೈಕೊಡುತ್ತದೆ; ಸೂರ್ಯನು ಒಬ್ಬನೇ ಆದುದರಿಂದ ಅವನಿಗೆ ಪರಿಚಯ ಬೇಕಿಲ್ಲ. 'ಎ' ಎಂಬುದು 'ಆ್ಯನ್' ಆಗುವುದು ಮುಂದಿನ ಧ್ವನಿಯಿಂದಲೇ ಹೊರತು ಅಕ್ಷರದಿಂದಲ್ಲ: 'ಆ್ಯನ್ ಅವರ್', ಆದರೆ 'ಎ ಹೌಸ್'.

'ನನಗೆ ಇಬ್ಬರು ತಂಗಿಯರಿದ್ದಾರೆ' ಎಂಬಲ್ಲಿ ನಾವು ಚತುರ್ಥಿಯನ್ನು ಬಳಸುತ್ತೇವೆ. ಇಂಗ್ಲೀಷರು ಬಂಧುಗಳನ್ನೂ ಸೊತ್ತಿನಂತೆ 'ಐ ಹ್ಯಾವ್' ಎಂದೇ ಹೇಳುತ್ತಾರೆ. ಕ್ರಿಯಾಪದದ ವಿಷಯದಲ್ಲಿ ಮಾತ್ರ ಅವರದು ಬಡತನ. 'ಬರುತ್ತಾಳೆ' ಎಂಬ ಒಂದೇ ಪದದಲ್ಲಿ ನಮಗೆ ಲಿಂಗ, ವಚನ, ಪುರುಷಗಳೆಲ್ಲವೂ ದೊರೆಯುತ್ತವೆ. ಅಲ್ಲಿ 'ಷಿ ಕಮ್ಸ್' ಎಂಬುದರ ಕೊನೆಯ 'ಸ್' ಒಂದೇ ಉಳಿದಿದೆ. ಅದನ್ನೂ ನಮ್ಮ ಮಕ್ಕಳು ಬಿಟ್ಟುಬಿಡುತ್ತಾರೆ!

ಗುಬ್ಬಿಯಲ್ಲಿ 1837ರಲ್ಲಿ ವೆಸ್ಲಿಯನ್ ಮಿಷನ್ನಿನ ಕಾರ್ಯವನ್ನು ಆರಂಭಿಸಿದ ಥಾಮಸ್ ಹಾಡ್ಸನ್ ಸಾಹೇಬರು ಇದೇ ದಾರಿಯನ್ನು ಎದುರು ದಿಕ್ಕಿನಿಂದ ನಡೆದವರು. ಅವರು ಇಂಗ್ಲೀಷಿನಲ್ಲಿ ಬರೆದ ಕನ್ನಡ ವ್ಯಾಕರಣದ ಎರಡನೆಯ ಮುದ್ರಣವು 1864ರಲ್ಲಿ ಬೆಂಗಳೂರಿನಲ್ಲಿ ಹೊರಬಂದಿತು. ಅದರಲ್ಲಿ ಉದಾಹರಣೆಯ ಪ್ರತಿಯೊಂದು ಪದಕ್ಕೂ ಅರ್ಥವನ್ನು ಕೊಟ್ಟಿದ್ದಾರೆ. ನಮ್ಮ ವಿಭಕ್ತಿಗಳಲ್ಲಿ ಅವರೂ ತಡವರಿಸಿರಬೇಕು, ಅವರನ್ನು ದಡ್ಡರೆಂದವರುಂಟೆ?

ಇಂಗ್ಲೀಷು ಬರಲೆಂದು ಕನ್ನಡ ವ್ಯಾಕರಣವನ್ನು ಬದಿಗಿಡಿಸುವ ಪೋಷಕರು ಮಗಳ ಕೈದೀಪವನ್ನೇ ಕಸಿದುಕೊಳ್ಳುತ್ತಾರೆ. ನಮ್ಮ ಜಿಲ್ಲೆಯವರೇ ಆದ ತೀ. ನಂ. ಶ್ರೀಕಂಠಯ್ಯನವರ 'ಕನ್ನಡ ಮಧ್ಯಮ ವ್ಯಾಕರಣ'ವು ಮನೆಯಲ್ಲಿದ್ದರೆ ಒಳ್ಳೆಯದು. ಸಂಜೆ ಅಡಿಗೆಯ ಮನೆಯಲ್ಲಿ ತಾಯಿಯು ಒಂದು ಕನ್ನಡ ವಾಕ್ಯವನ್ನು ಹೇಳಲಿ. ಕರ್ತೃ ಯಾವುದು, ಕರ್ಮ ಯಾವುದು, ಪ್ರತ್ಯಯ ಎಲ್ಲಿದೆ ಎಂದು ಕೇಳಲಿ. ಆಮೇಲೆ ಮಗಳು ಅದನ್ನು ಇಂಗ್ಲೀಷಿನಲ್ಲಿ ಹೇಳಲಿ. ತಾಯಿಗೆ ಇಂಗ್ಲೀಷು ಬಾರದಿದ್ದರೂ ಬಾಧಕವಿಲ್ಲ.