ಪ್ರಾರ್ಥನೆಗಾಗಿ ದಂಗೆಯೆದ್ದ ಊರು

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಡೆವನ್ ಎಂಬ ಸೀಮೆ. ಅಲ್ಲಿನ ಡಾರ್ಟ್‌ಮೂರ್ ಬೋಳುಗುಡ್ಡಗಳನ್ನು ದಾಟಿ ಉತ್ತರಕ್ಕೆ ಬಂದರೆ, ಓಕ್‌ಹ್ಯಾಂಪ್ಟನ್ ಪೇಟೆಗೆ ಸುಮಾರು ಎಂಟು ಕಿಲೊಮೀಟರ್ ದೂರದಲ್ಲಿ ಸ್ಯಾಂಪ್‌ಫರ್ಡ್ ಕೋರ್ಟ್ನಿ ಎಂಬ ಹಳ್ಳಿ ಸಿಗುತ್ತದೆ. ಮಣ್ಣಿಗೆ ಒಣಹುಲ್ಲು ಕಲಸಿ ಕಟ್ಟಿದ ದಪ್ಪ ಗೋಡೆ, ಗೋಡೆಗೆ ಸುಣ್ಣ, ಮೇಲೆ ಹುಲ್ಲಿನ ಮಾಡು. ಇಂಥ ಮನೆಗಳ ನಡುವೆ ಸಂತ ಆಂಡ್ರೂ ಹೆಸರಿನ ಕಲ್ಲಿನ ಚರ್ಚು, ಹತ್ತಿರದಲ್ಲೇ ಊರವರು ಕೂಟ ಸೇರಲು ಕಟ್ಟಿಕೊಂಡಿದ್ದ ಚರ್ಚ್ ಹೌಸ್. ನಕಾಶೆಯಲ್ಲಿ ಹುಡುಕಿ ತೆಗೆಯಬೇಕಾದಷ್ಟು ಸಣ್ಣ ಊರು. 1549ರ ಬೇಸಿಗೆಯಲ್ಲಿ ಈ ಊರು ಲಂಡನ್ನಿನ ಅರಮನೆಯ ನಿದ್ದೆಗೆಡಿಸಿತ್ತು.

ಚರ್ಚಿನೊಳಗೆ ಹೋದವರು ತಲೆಯೆತ್ತಿ ನೋಡಬೇಕು. ಚಾವಣಿಯ ಮರದ ತೊಲೆಗಳು ಕೂಡುವ ಕಡೆ ಕೆತ್ತನೆಯ ಮರದ ಬಿಲ್ಲೆಗಳಿವೆ. ಅವುಗಳಲ್ಲೊಂದರಲ್ಲಿ ಮೂರು ಮೊಲಗಳು ಸುತ್ತುಗಟ್ಟಿ ಓಡುತ್ತಿವೆ. ಒಂದೊಂದು ಮೊಲಕ್ಕೂ ಎರಡೆರಡು ಕಿವಿ ಕಾಣುತ್ತದೆ, ಆದರೆ ಎಣಿಸಿದರೆ ಒಟ್ಟು ಕಿವಿಗಳು ಮೂರೇ. ಡೆವನ್ನಿನ ಹಲವು ಚರ್ಚುಗಳಲ್ಲಿ ಈ ಮೊಲಗಳಿವೆ. ಚೀನಾದ ದುನ್‌ಹುವಾಂಗ್ ಗುಹೆಗಳ ಚಾವಣಿಯಲ್ಲೂ ಇಂಥವೇ ಇವೆ. ಓದುಬರಹ ತಿಳಿಯದ ರೈತರು ಭಾನುವಾರದ ಪೂಜೆಗೆ ನಿಂತಾಗ ಅವರ ಭಕ್ತಿಗೆ ಆಸರೆಯಾಗಿದ್ದದ್ದು ಇಂಥ ಕೆತ್ತನೆ, ಬಣ್ಣದ ಪ್ರತಿಮೆ, ಮೇಣದ ಬತ್ತಿ, ಗಂಟೆಯ ಸದ್ದು ಮತ್ತು ತಲೆಮಾರುಗಳಿಂದ ಕಿವಿಗೆ ಬಿದ್ದು ಪಳಗಿದ್ದ ಲ್ಯಾಟಿನ್ ಮಂತ್ರಗಳು.

ಅವೆಲ್ಲ ಒಂದೊಂದಾಗಿ ಹೋಗತೊಡಗಿದ್ದವು. ಎಂಟನೆಯ ಹೆನ್ರಿ ರೋಮಿನ ಪೋಪರ ಸಂಬಂಧ ಕಡಿದುಕೊಂಡು ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡಿದ್ದ. ಆದರೂ ಹಳ್ಳಿಯ ಪೂಜಾಕ್ರಮವನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟಿದ್ದ. 1547ರಲ್ಲಿ ಅವನು ಸತ್ತು, ಒಂಬತ್ತು ವರ್ಷದ ಮಗ ಆರನೆಯ ಎಡ್ವರ್ಡ್ ಪಟ್ಟಕ್ಕೆ ಬಂದ. ಆಡಳಿತ ಹುಡುಗನ ಸೋದರಮಾವ ಸಾಮರ್ಸೆಟ್ ಡ್ಯೂಕನ ಕೈಗೆ ಹೋಯಿತು, ಸುಧಾರಣೆಯೂ ಬಿರುಸಾಯಿತು. ಪ್ರತಿಮೆಗಳನ್ನು ಕೆಳಗಿಳಿಸಿದರು. ವಿಭೂತಿ ಬುಧವಾರದ ಬೂದಿ, ಗರಿಗಳ ಭಾನುವಾರದ ಗರಿ ನಿಷಿದ್ಧವಾದವು. ಕೊನೆಗೆ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಸಿದ್ಧಪಡಿಸಿದ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಬಂತು. 1549ರ ಜೂನ್ 9, ಪೆಂತೆಕೋಸ್ತ ಹಬ್ಬದ ಭಾನುವಾರದಿಂದ ದೇಶದ ಎಲ್ಲ ಚರ್ಚುಗಳಲ್ಲೂ ಇದೇ ಪುಸ್ತಕ, ಲ್ಯಾಟಿನ್ ಬಲಿಪೂಜೆ ಕೂಡದು ಎಂದು ಕಾನೂನಾಯಿತು. ಅದೇ ಹೊತ್ತಿಗೆ ಕುರಿ ಮತ್ತು ಉಣ್ಣೆಬಟ್ಟೆಯ ಮೇಲೂ ಹೊಸ ತೆರಿಗೆ ಬಿದ್ದಿತ್ತು. ಕುರಿ ನಂಬಿ ಬದುಕುತ್ತಿದ್ದ ಡೆವನ್ನಿನ ಮಟ್ಟಿಗೆ ಅದೇನೂ ಸಣ್ಣ ಹೊರೆಯಲ್ಲ.

ಆ ಭಾನುವಾರ ಸ್ಯಾಂಪ್‌ಫರ್ಡ್ ಕೋರ್ಟ್ನಿಯ ವೃದ್ಧ ಪಾದ್ರಿ ವಿಲಿಯಂ ಹಾರ್ಪರ್ ಆಜ್ಞೆಯಂತೆ ಹೊಸ ಪುಸ್ತಕವನ್ನೇ ಓದಿದರು. ಸೋಮವಾರ ಬೆಳಿಗ್ಗೆ ಊರವರು ಅವರನ್ನು ತಡೆದು, ಇವತ್ತು ಯಾವ ಪೂಜೆ ಎಂದು ಕೇಳಿದರು. ಮುಂದೆ ನಿಂತವರು ದರ್ಜಿ ಅಂಡರ್‌ಹಿಲ್ ಮತ್ತು ಕೂಲಿಕಾರ ಸೀಗರ್. ರಾಜ ಇನ್ನೂ ಹುಡುಗ, ಅವನು ಪ್ರಾಯಕ್ಕೆ ಬರುವತನಕ ತಂದೆಯ ಕಾಲದ ಕ್ರಮವೇ ನಡೆಯಲಿ ಎಂಬುದು ಅವರ ವಾದ. ಹಾರ್ಪರ್ ಹಳೆಯ ಪೂಜಾವಸ್ತ್ರ ತೊಟ್ಟು ಲ್ಯಾಟಿನ್ ಬಲಿಪೂಜೆ ನಡೆಸಿದರು. ವಿಚಾರಿಸಲು ಬಂದ ನ್ಯಾಯಾಧಿಕಾರಿಗಳು ಗುಂಪನ್ನು ಕಂಡು ಬಂದ ದಾರಿ ಹಿಡಿದರು.

ಆಮೇಲೆ ನಡೆದದ್ದು ಘೋರ. ವಿಲಿಯಂ ಹೆಲಿಯನ್ಸ್ ಎಂಬ ಸ್ಥಿತಿವಂತ ಗುಂಪಿಗೆ ಬುದ್ಧಿ ಹೇಳಲು ಬಂದ. ಅವನನ್ನು ಚರ್ಚ್ ಹೌಸಿಗೆ ಎಳೆದೊಯ್ದರು. ಅಲ್ಲೂ ಅವನು ಮಾತು ಬದಲಿಸಲಿಲ್ಲ. ಮೆಟ್ಟಿಲಿಳಿದು ಹೊರಬರುವಾಗ ಲೆತ್‌ಬ್ರಿಜ್ ಎಂಬವನು ಕೊಕ್ಕೆಗತ್ತಿಯಿಂದ ಅವನ ಕುತ್ತಿಗೆಗೆ ಹೊಡೆದ, ಉಳಿದವರು ಕಡಿದು ಹಾಕಿದರು. ಹೆಣವನ್ನು ಚರ್ಚಿನ ಅಂಗಳದಲ್ಲೇ ಹೂತರು, ಆದರೆ ಕ್ರೈಸ್ತರ ವಾಡಿಕೆಯಂತೆ ಪೂರ್ವಪಶ್ಚಿಮವಾಗಿ ಮಲಗಿಸದೆ, ಧರ್ಮಭ್ರಷ್ಟನೆಂದು ಉತ್ತರದಕ್ಷಿಣವಾಗಿ ಹೂತರು. ಪೂಜೆಯ ಕ್ರಮ ಕೆಟ್ಟಿತೆಂದು ಎದ್ದವರು ಸತ್ತವನಿಗೆ ಸಂಸ್ಕಾರದ ಕ್ರಮವನ್ನೂ ಕೊಡಲಿಲ್ಲ. ಈ ದಂಗೆಯ ಬಗ್ಗೆ ಮರುಕದಿಂದ ಬರೆಯುವವರು ಈ ಕೊಲೆಯನ್ನು ಬದಿಗಿಡುವಂತಿಲ್ಲ.

ದಂಗೆ ಬೇಗ ಹಬ್ಬಿತು. ಕ್ಲಿಸ್ಟ್ ಸೇಂಟ್ ಮೇರಿಯ ಬಳಿ ಜಪಸರ ಹಿಡಿದು ಚರ್ಚಿಗೆ ಹೊರಟಿದ್ದ ಮುದುಕಿಯೊಬ್ಬಳನ್ನು ವಾಲ್ಟರ್ ರಾಲಿ ಎಂಬ ಜಮೀನ್ದಾರ ಗದರಿಸಿದ. ಮುಂದೆ ಹೆಸರುವಾಸಿಯಾದ ನಾವಿಕನ ತಂದೆ ಈತ. ಮುದುಕಿ ನೇರ ಚರ್ಚಿಗೆ ಹೋಗಿ ನಡೆದದ್ದನ್ನು ಹೇಳಿಬಿಟ್ಟಳು, ಇಡೀ ಊರು ಎದ್ದಿತು. ಮೋರ್‌ಬಾತ್ ಹಳ್ಳಿಯ ಪಾದ್ರಿ ಕ್ರಿಸ್ಟೋಫರ್ ಟ್ರಿಕಿ ಬರೆದಿಟ್ಟ ಚರ್ಚಿನ ಲೆಕ್ಕಪುಸ್ತಕದಲ್ಲಿ, ಐವರು ಯುವಕರಿಗೆ ಖರ್ಚು ಕೊಟ್ಟು ಬಂಡಾಯಗಾರರ ಬಿಡಾರಕ್ಕೆ ಕಳಿಸಿದ ಲೆಕ್ಕ ಇಂದಿಗೂ ಉಳಿದಿದೆ. ಪಶ್ಚಿಮದ ಕಾರ್ನ್‌ವಾಲಿನಿಂದ ಹಂಫ್ರಿ ಅರುಂಡೆಲ್ ಮುಂದಾಳತ್ವದಲ್ಲಿ ಜನ ಬಂದು ಸೇರಿದರು.

ಜುಲೈ 2ರಂದು ಎಲ್ಲರೂ ಎಕ್ಸೆಟರ್ ನಗರಕ್ಕೆ ಮುತ್ತಿಗೆ ಹಾಕಿದರು. ಒಳಗಿದ್ದವರಲ್ಲಿ ಅನೇಕರು ಹಳೆಯ ಧರ್ಮದವರೇ, ಆದರೂ ಬಾಗಿಲು ತೆರೆಯಲಿಲ್ಲ. ಬಂಡಾಯಗಾರರ ಪಾಳೆಯದಲ್ಲಿದ್ದ ಸಂತ ಥಾಮಸ್ ಚರ್ಚಿನ ಪಾದ್ರಿ ರಾಬರ್ಟ್ ವೆಲ್ಷ್, ಕೆಂಡಗುಂಡು ಹಾರಿಸಿ ನಗರವನ್ನೇ ಸುಡಲು ಹೊರಟ ಗೋಲಂದಾಜನನ್ನು ತಡೆದರು. ಆ ಕರುಣೆ ಅವರನ್ನು ಉಳಿಸಲಿಲ್ಲ. ಮುಂದೆ ಗೆದ್ದ ರಾಜನ ಕಡೆಯವರು ಅವರಿಗೆ ಪೂಜಾವಸ್ತ್ರ ತೊಡಿಸಿ, ತೀರ್ಥದ ಪಾತ್ರೆ, ಗಂಟೆ, ಜಪಸರಗಳನ್ನು ನೇತುಹಾಕಿ ಅವರದೇ ಚರ್ಚಿನ ಗೋಪುರದ ಮೇಲೆ ಗಲ್ಲಿಗೇರಿಸಿದರು.

ಬಂಡಾಯಗಾರರ ಬೇಡಿಕೆಪಟ್ಟಿಯಲ್ಲಿ ಲ್ಯಾಟಿನ್ ಪೂಜೆ, ಬೂದಿ, ಗರಿ, ಪ್ರತಿಮೆ, ಮಠದ ಆಸ್ತಿಯಲ್ಲಿ ಅರ್ಧ ಪಾಲಿನ ವಾಪಸಾತಿ ಎಲ್ಲವೂ ಇದ್ದವು. ಕಾರ್ನ್‌ವಾಲಿನವರು ಇನ್ನೊಂದು ಮಾತು ಸೇರಿಸಿದ್ದರು: ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬಾರದು. ಇಂಗ್ಲಿಷಿಗಿಂತ ಲ್ಯಾಟಿನ್ ತಿಳಿದವರು ನಿಮ್ಮಲ್ಲಿ ಹೆಚ್ಚೇ ಎಂದು ಕ್ರ್ಯಾನ್ಮರ್ ತಿರುಗಿ ಕೇಳಿದರು. ತರ್ಕ ಸರಿ, ಆದರೆ ಅದು ಕಾರ್ನಿಷ್ ಮಾತಾಡುವವರ ಸಂಕಟಕ್ಕೆ ಉತ್ತರವಲ್ಲ. ಜನರಿಗೆ ತಿಳಿಯುವ ನುಡಿಯಲ್ಲಿ ಪ್ರಾರ್ಥನೆ ಇರಲಿ ಎಂಬುದು ಒಳ್ಳೆಯ ಆಶಯವೇ. ಆದರೆ ಪ್ರಾರ್ಥಿಸುವವರನ್ನು ಒಂದು ಮಾತೂ ಕೇಳದೆ, ಗಡುವು ಹಾಕಿ ಹೇರಿದಾಗ ಆ ಆಶಯವೇ ದಬ್ಬಾಳಿಕೆಯಾಯಿತು. ವೇಲ್ಸಿಗೆ 1567ರಲ್ಲಿ ವೆಲ್ಷ್ ಭಾಷೆಯ ಪ್ರಾರ್ಥನಾ ಪುಸ್ತಕ, 1588ರಲ್ಲಿ ಬೈಬಲ್ ಸಿಕ್ಕಿತು, ವೆಲ್ಷ್ ಉಳಿದುಕೊಂಡಿತು. ಕಾರ್ನಿಷ್‌ಗೆ ಎರಡೂ ಸಿಗಲಿಲ್ಲ. ಆ ನುಡಿಯ ಕೊನೆಯ ತಲೆಮಾರಿನವಳೆಂದು ಹೆಸರಾದ ಮೌಸಲ್ ಊರಿನ ಮೀನು ಮಾರುವ ಡಾಲಿ ಪೆಂಟ್ರೀತ್ 1777ರಲ್ಲಿ ತೀರಿಕೊಂಡಳು.

ದಂಗೆ ಅಡಗಿಸಲು ಸರ್ಕಾರ ಕಳಿಸಿದ ಲಾರ್ಡ್ ಜಾನ್ ರಸೆಲ್ ಜರ್ಮನ್ ಮತ್ತು ಇಟಾಲಿಯನ್ ಬಾಡಿಗೆ ಸೈನಿಕರೊಂದಿಗೆ ಬಂದು ಆಗಸ್ಟ್ 6ರಂದು ಎಕ್ಸೆಟರ್ ಮುತ್ತಿಗೆಯನ್ನು ಬಿಡಿಸಿದ. ಅದಕ್ಕೆ ಮುನ್ನ ಕ್ಲಿಸ್ಟ್ ಹೀತ್ ಬಯಲಿನಲ್ಲಿ ಕೈಕಟ್ಟಿದ್ದ ಸುಮಾರು 900 ಸೆರೆಯಾಳುಗಳ ಕತ್ತು ಕೊಯ್ದರೆಂದು ವೃತ್ತಾಂತಗಳು ಹೇಳುತ್ತವೆ. ಅಳಿದುಳಿದ ಬಂಡಾಯಗಾರರು ಹಿಮ್ಮೆಟ್ಟಿ ಬಂದು ಕೊನೆಗೆ ನಿಂತದ್ದು ಸ್ಯಾಂಪ್‌ಫರ್ಡ್ ಕೋರ್ಟ್ನಿಯಲ್ಲೇ. ಆಗಸ್ಟ್ ನಡುವಿನ ಆ ಕಾಳಗದೊಂದಿಗೆ ದಂಗೆ ಮುಗಿಯಿತು. ಒಟ್ಟು ಸಾವು ಸಾವಿರಗಳ ಲೆಕ್ಕದಲ್ಲಿತ್ತು. ಅರುಂಡೆಲ್ ಮತ್ತಿತರ ಮುಖಂಡರಿಗೆ 1550ರ ಜನವರಿಯಲ್ಲಿ ಲಂಡನ್ನಿನ ಟೈಬರ್ನ್‌ನಲ್ಲಿ ಮರಣದಂಡನೆಯಾಯಿತು. 2007ರಲ್ಲಿ ಕಾರ್ನ್‌ವಾಲಿನ ಪೆಲಿಂಟ್ ಎಂಬಲ್ಲಿ ಮಾತನಾಡಿದ ಟ್ರೂರೊ ಬಿಷಪ್ ಬಿಲ್ ಇಂಡ್, ದಂಗೆಯನ್ನು ಅಡಗಿಸಿದ ಆ ಕ್ರೌರ್ಯ ದೊಡ್ಡ ತಪ್ಪು, ಅದಕ್ಕೆ ಚರ್ಚು ನಾಚಬೇಕು ಎಂದರು. ಅವರು ಹಾಗೆಂದದ್ದು ಪ್ರಾರ್ಥನಾ ಪುಸ್ತಕವನ್ನು ಹೊರಡಿಸಿದ ಅದೇ ಆಂಗ್ಲಿಕನ್ ಸಭೆಯ ಬಿಷಪರಾಗಿ.